ಮುಂಬಾಗಿಲ ಡಾಕ್ಟರ್, ಹಿಂಬಾಗಿಲ ಡಾಕ್ಟರ್

ನಮ್ಮೂರು ಎಲ್ಮ್ ಫೋರ್ಕಿನಲ್ಲಿ ಆ ಕಾಲಕ್ಕೆ ಇಬ್ಬರು ಡಾಕ್ಟರುಗಳಿದ್ದರು. ಅವರಿಬ್ಬರೂ ಒಂದೇ ಕೋಣೆಯಲ್ಲಿ ನಿಲ್ಲುವಂತಿರಲಿಲ್ಲ. ಹಾಗಂತ ಜಗಳವೇನೂ ಇಲ್ಲ. ಬೀದಿಯಲ್ಲಿ ಎದುರಾದರೆ ಟೋಪಿ ಮುಟ್ಟಿ ನಮಸ್ಕಾರ ಹೇಳುತ್ತಿದ್ದರು, ಭಾನುವಾರ ಒಂದೇ ಚರ್ಚಿನಲ್ಲಿ ಎರಡು ಬೆಂಚು ಆಚೀಚೆ ಕೂರುತ್ತಿದ್ದರು. ಆದರೆ ಕಾಯಿಲೆಯವರ ಮಂಚದ ಪಕ್ಕ ಒಬ್ಬರಿದ್ದರೆ ಇನ್ನೊಬ್ಬರು ಹೊಸಿಲು ದಾಟುತ್ತಿರಲಿಲ್ಲ.

ಕಾರಣ, ಬೋರ್ಡಿನ ಮೇಲಿನ ಎರಡಕ್ಷರ. ಪ್ರೆಂಟಿಸ್ ಕೋಲ್ಬಿ ಎಂ.ಡಿ., ಆರ್ವಲ್ ಹ್ಯಾಸ್ಕೆಟ್ ಡಿ.ಓ. ಕೋಲ್ಬಿ ದೊಡ್ಡ ಊರಿನ ವೈದ್ಯಕೀಯ ಶಾಲೆಯಲ್ಲಿ ಕಲಿತವರು. ಹ್ಯಾಸ್ಕೆಟ್ ಕಲಿತದ್ದು ಮಿಸೂರಿಯ ಉತ್ತರದಲ್ಲಿದ್ದ ಆಸ್ಟಿಯೋಪಥಿ ಕಾಲೇಜಿನಲ್ಲಿ. ಅಲ್ಲಿಯೂ ನಾಲ್ಕೇ ವರ್ಷ, ಅದೇ ಔಷಧಿ, ಅದೇ ಸೂಜಿ, ಅದೇ ಹೆರಿಗೆ; ಅದರ ಮೇಲೆ ಬೆನ್ನು, ಪಕ್ಕೆಲುಬು, ಸ್ನಾಯುಗಳನ್ನು ಕೈಯಿಂದಲೇ ತಡವಿ ಒತ್ತಿ ಸರಿಮಾಡುವ ವಿದ್ಯೆಯೂ ಸೇರಿಕೊಳ್ಳುತ್ತಿತ್ತು. ಆ ಹೆಚ್ಚಿನ ವಿದ್ಯೆಯೇ ಅವರ ಪಾಲಿಗೆ ಶನಿಯಾಯಿತು. ಎಂ.ಡಿ.ಗಳ ಸಂಘ ಅವರನ್ನು ಡಾಕ್ಟರೆಂದೇ ಒಪ್ಪುತ್ತಿರಲಿಲ್ಲ. ಅಂಥವನ ಜೊತೆ ಕೂತು ರೋಗಿಯ ವಿಷಯ ಮಾತಾಡಿದ ಎಂ.ಡಿ.ಯನ್ನು ಸಂಘದಿಂದ ಹೊರಗೆ ಹಾಕುತ್ತಿದ್ದರು. ಸಂಘ ಬಿಟ್ಟರೆ ಆಸ್ಪತ್ರೆಯೂ ಬಿಟ್ಟ ಹಾಗೆ. ಯುದ್ಧದ ಕಾಲದಲ್ಲಿ ಎಂ.ಡಿ.ಗಳೆಲ್ಲ ಸೈನ್ಯಕ್ಕೆ ಹೋದಾಗ, ಡಿ.ಓ. ಎಂದು ಸೈನ್ಯ ಸೇರಿಸಿಕೊಳ್ಳದ ಈ ಹ್ಯಾಸ್ಕೆಟ್ ಒಬ್ಬರೇ ನಮ್ಮ ಜಿಲ್ಲೆಯನ್ನು ನೋಡಿಕೊಂಡರು. ಸಂಘಕ್ಕೆ ಅದು ನೆನಪಿರಲಿಲ್ಲ.

ಹಾಗಾದರೆ ಹ್ಯಾಸ್ಕೆಟ್‌ರ ರೋಗಿಗೆ ಆಸ್ಪತ್ರೆ ಬೇಕಾದಾಗ ಏನು ಗತಿ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಮ್ಮೂರು ಅದಕ್ಕೊಂದು ದಾರಿ ಕಂಡುಕೊಂಡಿತ್ತು. ಮನೆಯವರು ಕೋಲ್ಬಿಗೆ ಫೋನು ಮಾಡುತ್ತಿದ್ದರು. ಕೋಲ್ಬಿಯ ಕಾರು ಅಂಗಳಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. ಹ್ಯಾಸ್ಕೆಟ್ ಚೀಲ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಂದ ಹಿತ್ತಲಿಗಿಳಿಯುತ್ತಿದ್ದರು. ಆ ಬಾಗಿಲಿನ ಜಾಲರಿ ಪಟಾರನೆ ಬಡಿದುಕೊಂಡ ಸದ್ದು ಕೇಳಿದ ಮೇಲೆ ಕೋಲ್ಬಿ ಕಾರಿನಿಂದಿಳಿದು ಮುಂಬಾಗಿಲಿನಿಂದ ಒಳಗೆ ಬರುತ್ತಿದ್ದರು. ಇವರು ಕಂಡುಕೊಂಡದ್ದನ್ನು ಅವರಿಗೆ ಮುಟ್ಟಿಸಲು ನಡುವೆ ಒಂದು ಬಾಯಿ ಬೇಕಲ್ಲ. ನಾಲ್ಕು ವರ್ಷ ಆ ಬಾಯಿ ವಿಲ್ಡಾ ಟ್ರಸ್ಕ್‌ಳದು.

ವಿಲ್ಡಾ ರೈಲ್ವೆ ಗ್ಯಾಂಗ್‌ಮನ್ ಕ್ಲೆಲ್ ಟ್ರಸ್ಕ್‌ನ ಮಗಳು. ಬೆಳಿಗ್ಗೆ ಬಸ್ಸು ಹತ್ತಿ ಇಪ್ಪತ್ತು ಮೈಲಿ ದೂರದ ಕಾಲೇಜಿಗೆ ಹೋಗಿ, ಮಧ್ಯಾಹ್ನದ ಮೇಲೆ ಹ್ಯಾಸ್ಕೆಟ್‌ರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಸೂಜಿ ಕುದಿಸುವುದರಿಂದ ಶುರುಮಾಡಿದವಳು, ನಾಲ್ಕನೇ ವರ್ಷಕ್ಕೆ ಕಣ್ಣು ಮುಚ್ಚಿಕೊಂಡು ರೋಗಿಯ ಬೆನ್ನಮೇಲೆ ಕೈಯಾಡಿಸಿ ನೋವು ಎಲ್ಲಿದೆಯೆಂದು ಹೇಳುವಷ್ಟಾಗಿದ್ದಳು. ಹ್ಯಾಸ್ಕೆಟ್ ಅಡುಗೆಮನೆಯಲ್ಲಿ ನಿಂತು ನಾಲ್ಕು ಮಾತಿನಲ್ಲಿ ವಿಷಯ ಹೇಳಿದರೆ, ಇವಳು ಹಜಾರಕ್ಕೆ ಬಂದು, "ಮನೆಯವರು ಹೇಳೋದು ಏನಂದ್ರೆ" ಎಂದು ಶುರುಮಾಡಿ ಒಂದಕ್ಷರ ಚೆಲ್ಲದೆ ಕೋಲ್ಬಿಗೆ ಒಪ್ಪಿಸುತ್ತಿದ್ದಳು. ಕೋಲ್ಬಿ ಗೋಡೆಗೆ ಅಂಟಿಸಿದ ಹೂವಿನ ಚಿತ್ರದ ಕಾಗದ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು. ಯಾವ ರೈತನ ಹೆಂಡತಿಗೆ ಅಷ್ಟು ವೈದ್ಯಶಾಸ್ತ್ರ ಬರುತ್ತದೆಂದು ಒಮ್ಮೆಯೂ ಕೇಳಲಿಲ್ಲ. ಏನನ್ನೂ ಬರೆದುಕೊಡುವಂತಿರಲಿಲ್ಲ, ಬರೆದರೆ ಸಾಕ್ಷಿಯಾಗುತ್ತದೆ.

ಇಂಥ ವಿಲ್ಡಾ ತಾನೂ ಡಾಕ್ಟರಾಗುತ್ತೇನೆಂದು ಹೊರಟಾಗ ಎರಡೂ ಕಡೆ ಅರ್ಜಿ ಹಾಕಿದಳು. ಶಿಫಾರಸು ಕೇಳಲು ಕೋಲ್ಬಿಯವರ ಮನೆಗೂ ಹೋದಳು. ಅವರು ಅವಳನ್ನು ಕೂರಿಸಿ, ಕನ್ನಡಕ ಒರೆಸುತ್ತ ಹೇಳಿದರು: "ಮಿಸ್ ಟ್ರಸ್ಕ್, ನಿನಗೆ ತಲೆ ಇದೆ. ಅದನ್ನ ತಗೊಂಡು ಹೋಗಿ ಆ ಮೂಳೆ ತಿರುಚೋ ಶಾಲೇಲಿ ಹಾಕ್ಬೇಡ. ಎಲ್ಲಿ ಕೆಲಸ ಮಾಡ್ತಿದ್ದೀಯ ಅಂತ ಕೇಳಿದ್ರೆ ಒಂದು ಡಾಕ್ಟರ್ ಆಫೀಸಲ್ಲಿ ಅಂತ ಬರಿ. ಅದರಲ್ಲಿ ಸುಳ್ಳೇನೂ ಇಲ್ಲ."

ಅವಳು ಹಾಗೆಯೇ ಬರೆದಳು. 1954ರ ಮಾರ್ಚಿ ತಿಂಗಳಲ್ಲಿ ಒಂದೇ ವಾರದೊಳಗೆ ಎರಡೂ ಕಡೆಯಿಂದ ಸೀಟು ಕೊಟ್ಟಿದ್ದೇವೆಂದು ಕಾಗದ ಬಂತು. ಎಂ.ಡಿ. ಶಾಲೆಯ ತರಗತಿಗೆ ತೆಗೆದುಕೊಂಡಿದ್ದ ಎಂಬತ್ತು ಜನರಲ್ಲಿ ಹುಡುಗಿಯರು ಇಬ್ಬರೇ, ಒಬ್ಬಳು ಇವಳು. ಎರಡು ಶಾಲೆಗಳಿಗೂ ಏಪ್ರಿಲ್ ಹದಿನೈದರ ಅಂಚೆಮುದ್ರೆ ಬೀಳುವುದರೊಳಗೆ ಉತ್ತರ ಹೋಗಬೇಕಿತ್ತು. ಎಂ.ಡಿ. ಶಾಲೆಯ ಒಪ್ಪಿಗೆ ಪತ್ರದ ಕೆಳಗೆ ಸಹಿ ಹಾಕಲು ಒಂದು ಸಾಲಿತ್ತು. ಅದರ ಮೇಲೆ ಅಚ್ಚಾಗಿತ್ತು: ಸಂಘವು ಮಾನ್ಯ ಮಾಡದ ಯಾವ ವೈದ್ಯನ ಕೈಕೆಳಗೂ ನಾನು ಕೆಲಸ ಮಾಡಿಲ್ಲ, ಕಲಿತಿಲ್ಲ.

ಇದು ಸುಳ್ಳಲ್ಲದ ಸುಳ್ಳಲ್ಲ, ಶುದ್ಧ ಸುಳ್ಳು. ವಿಲ್ಡಾಳಿಗೆ ಆಪರೇಷನ್ ಮಾಡುವ ಡಾಕ್ಟರಾಗಬೇಕೆಂಬ ಆಸೆ. ಡಿ.ಓ. ಆದರೆ ಎಷ್ಟು ಆಸ್ಪತ್ರೆಗಳ ಬಾಗಿಲು ಮುಚ್ಚಿರುತ್ತದೆಂದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸಹಿ ಹಾಕಿದರೆ ಎಲ್ಲವೂ ತೆರೆಯುತ್ತದೆ. ಎರಡು ಕಾಗದಗಳನ್ನೂ ಅಡುಗೆಮನೆಯ ಹಿಟ್ಟಿನ ಡಬ್ಬದ ಕೆಳಗಿಟ್ಟು, ದಿನಾ ಸಂಜೆ ತೆಗೆದು ನೋಡಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಅಮ್ಮ ಓನೆಟಾ ಹಿಟ್ಟು ತೆಗೆಯುವಾಗೆಲ್ಲ ಅವು ಕೆಳಗೆ ಬೀಳುತ್ತಿದ್ದವು. ಅಪ್ಪ ಕ್ಲೆಲ್ ಮಾತ್ರ, ಎರಡೂ ಕಾಗದ ಒಟ್ಟಿಗೆ ಬೇಯಿಸಿಬಿಡು, ಯಾವುದು ಮೊದಲು ಉಬ್ಬುತ್ತೋ ಅದಕ್ಕೆ ಹೋಗಲಿ ಎಂದು ಹೆಂಡತಿಗೆ ಹೇಳಿ ನಗುತ್ತಿದ್ದ.

ಹ್ಯಾಸ್ಕೆಟ್‌ರನ್ನು ಕೇಳಿದರೆ ಅವರು ಸಹಿ ಹಾಕೆಂದೇ ಹೇಳಿದರು. "ನೋಡಮ್ಮ, ಮೂವತ್ತು ವರ್ಷ ಅಡುಗೆಮನೆ ಬಾಗಿಲಲ್ಲಿ ಹೊರಟು ಹೊರಟು ಈ ಜಿಲ್ಲೇಲಿ ಯಾರ ಮನೆ ಹಣ್ಣಿನ ಪೈ ಸೀದಿರುತ್ತೆ, ಯಾರ ಮನೇದು ಹಸಿ ಇರುತ್ತೆ ಅಂತ ನನಗೆ ಗೊತ್ತು. ಬೇರೇನೂ ದಕ್ಕಲಿಲ್ಲ. ನಿನಗದು ಬೇಡ."

"ನಿಮ್ಮ ಹತ್ರ ಕಲ್ತೇ ಇಲ್ಲ ಅಂತ ಬರೆದುಕೊಡ್ಬೇಕಂತೆ ಡಾಕ್ಟ್ರೇ."

"ಬರಿ. ನಾನೇನು ಓದೋಕೆ ಹೋಗ್ತೀನಾ?"

ಅತ್ತ ದರಿ, ಇತ್ತ ಪುಲಿ. ಗುರುವೇ ತನ್ನನ್ನು ಅಳಿಸಿಹಾಕು ಎಂದು ಹೇಳಿದ ಮೇಲೂ ಅವಳಿಗೆ ಕೈ ಬರಲಿಲ್ಲ. ಏಪ್ರಿಲ್ ಹದಿಮೂರು ಬಂದರೂ ಕಾಗದ ಡಬ್ಬದ ಕೆಳಗೇ ಇತ್ತು.

ಆ ದಿನ ಮಂಗಳವಾರ. ಕ್ಲೆಲ್ ಹಳಿಯ ಕೆಲಸದಿಂದ ಮಧ್ಯಾಹ್ನವೇ ಬಂದ. ಹಳೆಯ ಹರ್ನಿಯಾ, ಹತ್ತು ವರ್ಷದಿಂದ ಪಟ್ಟಿ ಕಟ್ಟಿಕೊಂಡು ಸಂಭಾಳಿಸುತ್ತಿದ್ದ. ಅಂದು ಹಳಿಯಡಿಯ ಮರದ ಸ್ಲೀಪರ್ ಎತ್ತುವಾಗ ಏನೋ ಜಾರಿತಂತೆ. ತೊಡೆಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಹೊರಬಂದು ಒಳಗೆ ಹೋಗಲೊಲ್ಲದು. ಇವತ್ತಲ್ಲ ನಾಳೆ ಹೋಗುತ್ತೆ ಎಂದು ಹಲ್ಲುಕಚ್ಚಿ ಮಲಗಿದವನು ಮೂರೂವರೆಯ ಹೊತ್ತಿಗೆ ಹಸಿರು ಹಸಿರಾಗಿ ವಾಂತಿ ಮಾಡಲು ಶುರುಮಾಡಿದ.

ಹ್ಯಾಸ್ಕೆಟ್ ಬಂದರು. ಮೆಲ್ಲಗೆ ಒತ್ತಿ ಗಂಟನ್ನು ಒಳಗೆ ಕಳಿಸಲು ನೋಡಿದರು. ನಾಲ್ಕು ಇಪ್ಪತ್ತಕ್ಕೆ ನೋವು ಅಡಗಿಸುವ ಮಾರ್ಫಿನ್ ಕಾಲು ಗ್ರೇನಿನಷ್ಟು ಚುಚ್ಚಿ, ಮೈ ಸಡಿಲವಾದ ಮೇಲೆ ಮತ್ತೆ ನೋಡಿದರು. ಆಗಲಿಲ್ಲ. ಕರುಳು ಸಿಕ್ಕಿಕೊಂಡಿತ್ತು, ಬೆಳಗಾಗುವವರೆಗೆ ಬಿಟ್ಟರೆ ಕೊಳೆಯುತ್ತದೆ. ಆಸ್ಟಿಯೋಪಥಿಯವರ ಆಸ್ಪತ್ರೆ ಎಪ್ಪತ್ತು ಮೈಲಿ ದೂರ. ಜಿಲ್ಲಾ ಆಸ್ಪತ್ರೆ ಹನ್ನೆರಡೇ ಮೈಲಿ, ಆದರೆ ಅದಕ್ಕೆ ಕೋಲ್ಬಿ ಬೇಕು. ಓನೆಟಾ ಫೋನು ಮಾಡಿದರೆ ಅವರು ಎಲ್ಲೋ ಹೆರಿಗೆಗೆ ಹೋಗಿದ್ದರು. ಬಂದದ್ದು ಆರು ಗಂಟೆಗೆ. ಅವರ ಕಾರಿನ ಹಿಂದೆಯೇ ಬಿಂಗ್ಲಿಯ ಕರಿ ವ್ಯಾನು ಬಂತು. ಬಿಂಗ್ಲಿ ಊರಿನ ಹೆಣ ಸಾಗಿಸುವವನು. ಮಲಗಿಸಿಕೊಂಡು ಹೋಗುವ ಗಾಡಿ ಅವನದೊಂದೇ ಇದ್ದದ್ದರಿಂದ ಜೀವ ಇರುವವರನ್ನೂ ಅವನೇ ಆಸ್ಪತ್ರೆಗೆ ಒಯ್ಯುತ್ತಿದ್ದ.

ಹ್ಯಾಸ್ಕೆಟ್ ಅಡುಗೆಮನೆಯಲ್ಲಿ ವಿಲ್ಡಾಳ ತೋಳು ಹಿಡಿದು ನಾಲ್ಕು ಮಾತು ಹೇಳಿದರು: ಮಧ್ಯಾಹ್ನದಿಂದ ಇದೆ, ಎರಡು ಸಲ ಪ್ರಯತ್ನಿಸಿದರೂ ಹಿಂದಕ್ಕೆ ಹೋಗಲಿಲ್ಲ, ಹಸಿರು ವಾಂತಿ, ನಾಲ್ಕು ಇಪ್ಪತ್ತಕ್ಕೆ ಕಾಲು ಗ್ರೇನ್ ಮಾರ್ಫಿನ್. ಜಾಲರಿ ಬಡಿಯಿತು. ಮುಂಬಾಗಿಲಿನಿಂದ ಕೋಲ್ಬಿ ಬಂದರು. ಬಿಂಗ್ಲಿಯೂ ಸ್ಟ್ರೆಚರ್ ಹಿಡಿದು ಅವರ ಹಿಂದೆಯೇ ಬಂದು ಕೋಣೆಯ ಬಾಗಿಲಿಗೆ ಒರಗಿ ನಿಂತ.

ಈ ಬಿಂಗ್ಲಿಯ ಅಳಿಯ ಜಿಲ್ಲಾ ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತ. ಬಿಂಗ್ಲಿಯ ಕಿವಿಗೆ ಬಿದ್ದದ್ದು ಮಾರನೇ ದಿನ ಆಸ್ಪತ್ರೆಗೆಲ್ಲ ಗೊತ್ತು. ವಿಲ್ಡಾ ಮೊದಲ ಮೂರು ಮಾತನ್ನು ಮನೆಯವರ ಮಾತಾಗಿ ಹೇಳಿಬಿಟ್ಟಳು. ನಾಲ್ಕನೆಯದರ ಹತ್ತಿರ ನಾಲಿಗೆ ನಿಂತಿತು. ಗಂಟು ಎಷ್ಟು ಹೊತ್ತಿನಿಂದ ಇದೆಯೆಂದು ಮನೆಯವರು ಹೇಳಬಹುದು. ಮಾರ್ಫಿನ್ನನ್ನು ಮನೆಯವರು ಚುಚ್ಚುತ್ತಾರೆಯೇ? ಆ ಮಾತು ಹೊರಬಿದ್ದರೆ ಹ್ಯಾಸ್ಕೆಟ್‌ರ ರೋಗಿಯನ್ನು ಕೋಲ್ಬಿ ತಿಳಿದೂ ತಿಳಿದೂ ತೆಗೆದುಕೊಂಡರೆಂದಾಗುತ್ತದೆ. ಅವರು ಇಲ್ಲಿಂದಲೇ ತಿರುಗಿ ಹೋಗಬೇಕಾಗಬಹುದು. ಜೊತೆಗೆ, ಅವಳು ಹ್ಯಾಸ್ಕೆಟ್‌ರ ಕೈಕೆಳಗೆ ಇದ್ದವಳೆಂಬುದು ದೊಡ್ಡ ಊರಿನ ಶಾಲೆಗೂ ಮುಟ್ಟಬಹುದು. ಎರಡು ದಿನ ಉಳಿದಿತ್ತು.

ಅಂದು ಬಾಯಿ ಕಟ್ಟಿದ್ದು ಅಪ್ಪನಿಗಾಗಿಯೋ ಸೀಟಿಗಾಗಿಯೋ ಎಂದು ಮುಂದೆ ಎಷ್ಟೋ ಸಲ ಅವಳು ತನ್ನನ್ನೇ ಕೇಳಿಕೊಂಡಳು. ಎರಡಕ್ಕೂ ಎನ್ನುವುದೇ ನಿಜ. ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಡಲಿಲ್ಲ.

ಕೋಲ್ಬಿ ಗಂಟು ಮುಟ್ಟಿ ನೋಡಿ, "ಏನಾದ್ರೂ ತಗೊಂಡಿದ್ದಾರಾ?" ಎಂದರು.

"ನೀರು ಕೂಡ ಹೊಟ್ಟೇಲಿ ನಿಂತಿಲ್ಲ," ಎಂದಳು ವಿಲ್ಡಾ.

ಅದೂ ಸುಳ್ಳಲ್ಲ. ಅವಳಿಗೆ ಆ ವಿದ್ಯೆ ಚೆನ್ನಾಗಿ ಬರುತ್ತಿತ್ತು. ಕೋಲ್ಬಿ ಅವಸರದಲ್ಲಿದ್ದರು, ಕೋಣೆಯಲ್ಲಿ ಬೆಳಕು ಸಾಲದು, ಸ್ಟ್ರೆಚರ್‌ಗೆ ಎತ್ತಿ ಹಾಕುವಾಗ ಕ್ಲೆಲ್ ನರಳಿದ. ದಾರಿಯ ಕುಲುಕಾಟಕ್ಕೆ ತಡೆಯಲಿ ಎಂದು ಕೋಲ್ಬಿ ಚೀಲ ಬಿಚ್ಚಿ ಸೂಜಿಗೆ ಮಾರ್ಫಿನ್ ಏರಿಸಿದರು. ಒಂದರ ಮೇಲೊಂದು ಬಿದ್ದರೆ ಮಾರ್ಫಿನ್ ಉಸಿರನ್ನೇ ಅಡಗಿಸಬಹುದು. ವಿಲ್ಡಾ ಬಾಯಿ ತೆರೆದಳು. ಬಾಗಿಲಲ್ಲಿ ಬಿಂಗ್ಲಿ ಅವಳನ್ನೇ ನೋಡುತ್ತಿದ್ದ. ಮೊದಲ ಸೂಜಿ ಚುಚ್ಚಿ ಎರಡು ಗಂಟೆ ಹತ್ತಿರವಾಯಿತಲ್ಲ, ಅಪ್ಪ ಗಟ್ಟಿ ಆಳು, ತಡೆದುಕೊಳ್ಳುತ್ತಾನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಬಾಯಿ ಮುಚ್ಚಿದಳು. ಗಡಿಯಾರ ಆರೂ ಹತ್ತು ತೋರಿಸುತ್ತಿತ್ತು.

ವ್ಯಾನಿನಲ್ಲಿ ಮಲಗಿದ ಕ್ಲೆಲ್ ಬಿಂಗ್ಲಿಯನ್ನು ಕರೆದು, "ನೀನು ಇವತ್ತು ಆಸ್ಪತ್ರೆ ಹತ್ರಾನೇ ನಿಲ್ಸಪ್ಪ. ಅಭ್ಯಾಸಬಲ ಅಂತ ಸ್ಮಶಾನದ ಕಡೆ ತಿರುಗಿಸ್ಬಿಟ್ಟೀಯ," ಎಂದ. ಬಿಂಗ್ಲಿ ನಕ್ಕ. ಓನೆಟಾ ಅವನ ಪಕ್ಕ ಮುಂದೆ ಕೂತಳು. ಹಿಂದೆ ಸ್ಟ್ರೆಚರಿನ ಒಂದು ಬದಿಗೆ ಕೋಲ್ಬಿ, ಇನ್ನೊಂದು ಬದಿಗೆ ವಿಲ್ಡಾ. ಜಲ್ಲಿ ರಸ್ತೆ. ಹೊಲಗಳಾಚೆ ಹೊತ್ತು ಮುಳುಗುತ್ತಿತ್ತು. ಹಿಂದಿನ ಗಾಜಿನಲ್ಲಿ ಕಾಲು ಮೈಲಿ ದೂರದಲ್ಲಿ ಒಂದು ಕಾರಿನ ದೀಪ ಕಾಣಿಸುತ್ತಿತ್ತು. ಅದು ಹ್ಯಾಸ್ಕೆಟ್‌ರದೆಂದು ವಿಲ್ಡಾಳಿಗೆ ಗೊತ್ತು. ತಮ್ಮ ರೋಗಿ ಆಸ್ಪತ್ರೆಯ ಗೇಟು ಸೇರುವವರೆಗೆ ಅವರು ಯಾವಾಗಲೂ ಹೀಗೆ ಹಿಂದೆ ಬಂದು, ಅಲ್ಲಿಂದ ತಿರುಗಿ ಹೋಗುತ್ತಿದ್ದರು.

ಮೂರನೇ ಮೈಲಿಗೆ ಕ್ಲೆಲ್‌ನ ಮಾತು ನಿಂತಿತು. ಆಮೇಲೆ ಗೊರಕೆ. ವಿಲ್ಡಾ ಅವನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದಳು: ನಿಮಿಷಕ್ಕೆ ಹದಿನಾಲ್ಕು. ಮತ್ತೆ ಎಣಿಸಿದಳು: ಹತ್ತು. ಕೋಲ್ಬಿ ನೋವು ಇಳಿಯಿತೆಂದು ಸಮಾಧಾನದಿಂದ ಹೊರಗೆ ನೋಡುತ್ತ ಕೂತಿದ್ದರು. ಎಂಟು. ಗೊರಕೆಯೂ ನಿಂತಿತು. ಆರು. ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು.

"ಡಾಕ್ಟ್ರೇ," ಎಂದಳು. "ಅಪ್ಪಂಗೆ ಮುಂಚೆನೇ ಕಾಲು ಗ್ರೇನ್ ಕೊಟ್ಟಿತ್ತು. ನಾಲ್ಕು ಇಪ್ಪತ್ತಕ್ಕೆ. ಡಾಕ್ಟರ್ ಹ್ಯಾಸ್ಕೆಟ್ ಕೊಟ್ಟಿದ್ರು. ನಾನು ಹೇಳಲಿಲ್ಲ."

ಕೋಲ್ಬಿ ಅವಳನ್ನು ಬೈಯಲಿಲ್ಲ. ಕ್ಲೆಲ್‌ನ ರೆಪ್ಪೆ ಎತ್ತಿ ನೋಡಿದರು, ಕಣ್ಣಪಾಪೆ ಸಾಸಿವೆಯಷ್ಟಾಗಿತ್ತು. ಗಾಡಿ ನಿಲ್ಲಿಸಲು ಹೇಳಿ, ಕ್ಲೆಲ್‌ನನ್ನು ರಸ್ತೆಯ ಅಂಚಿನ ಹುಲ್ಲಿನ ಮೇಲೆ ಇಳಿಸಿದರು. ಉಸಿರು ಎಬ್ಬಿಸಲೆಂದು ಚೀಲದಲ್ಲಿದ್ದ ಕೆಫೀನ್ ಚುಚ್ಚಿದರು. ಮಾರ್ಫಿನ್ನಿಗೆ ಎದುರು ಮದ್ದು ಇದ್ದದ್ದು ಆಸ್ಪತ್ರೆಯಲ್ಲಿ, ಅದಿನ್ನೂ ಎಂಟು ಮೈಲಿ. ಅಲ್ಲಿಯವರೆಗೆ ಯಾರಾದರೂ ಇವನ ಬದಲು ಉಸಿರಾಡಿಸಬೇಕು. ಕೋಲ್ಬಿ ಮಂಡಿಯೂರಿ ಕ್ಲೆಲ್‌ನ ತೋಳುಗಳನ್ನೆತ್ತಿ ಎದೆ ಒತ್ತತೊಡಗಿದರು. ಅರವತ್ತೆರಡು ವರ್ಷದ ಮನುಷ್ಯ, ಹತ್ತು ಸಲಕ್ಕೆ ಅವರದೇ ಉಸಿರು ಕಟ್ಟಿತು.

ಹಿಂದಿನ ಕಾರು ಹತ್ತಿರ ಬಂದು ನಿಂತಿತು. ಬಾಗಿಲು ತೆರೆದ ಹ್ಯಾಸ್ಕೆಟ್ ಒಂದು ಕಾಲನ್ನು ಮಾತ್ರ ನೆಲಕ್ಕಿಟ್ಟು ಅಲ್ಲೇ ಕೂತರು. ದಾಟಬಾರದ ಗೆರೆ ಮನೆ ಕಾಯುವ ನಾಯಿಗೂ ಅಷ್ಟು ಚೆನ್ನಾಗಿ ಗೊತ್ತಿರುವುದಿಲ್ಲ. ವಿಲ್ಡಾ ಕೋಲ್ಬಿಯ ಮುಖ ನೋಡಿದಳು. ಬಿಂಗ್ಲಿ ಅಲ್ಲೇ ನಿಂತಿದ್ದ. ಕೋಲ್ಬಿ ತಲೆಯೆತ್ತದೆ, "ಆ ಮನುಷ್ಯನ್ನ ಕರಿ," ಎಂದರು.

ಕರೆಯುವ ಮೊದಲೇ ಹ್ಯಾಸ್ಕೆಟ್ ಓಡಿ ಬಂದರು. ಕ್ಲೆಲ್‌ನ ತಲೆಯ ಹತ್ತಿರ ಮಂಡಿಯೂರಿ, ಎರಡೂ ಅಂಗೈಗಳನ್ನು ಪಕ್ಕೆಲುಬಿನ ಕೆಳಗೆ ತೂರಿಸಿ, ಎದೆಗೂಡನ್ನೇ ಮೇಲಕ್ಕೆತ್ತಿ ಇಳಿಸತೊಡಗಿದರು. ಮೂವತ್ತು ವರ್ಷ ಅದನ್ನೇ ಮಾಡಿದ ಕೈ. ಎತ್ತಿದಾಗ ಗಾಳಿ ಒಳಗೆ ಹೋಗುವ ಸದ್ದು ಎಲ್ಲರಿಗೂ ಕೇಳಿಸಿತು. ಕೋಲ್ಬಿ ನಾಡಿ ಹಿಡಿದು, "ಎತ್ತಿ... ಬಿಡಿ... ಎತ್ತಿ... ಬಿಡಿ," ಎಂದು ತಾಳ ಹಾಕಿದರು. ಓನೆಟಾ ಗಂಡನ ಬೂಟುಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತುಟಿಯ ಬಣ್ಣ ತಿಳಿಯಾಯಿತು. ಕ್ಲೆಲ್‌ನನ್ನು ಹಾಗೇ ವ್ಯಾನಿಗೆ ಹತ್ತಿಸಿದರು. ಹ್ಯಾಸ್ಕೆಟ್ ಕೈ ಬಿಡದೆ ಜೊತೆಗೇ ಹತ್ತಿ, ಎಂಟು ಮೈಲಿಯೂ ಬಗ್ಗಿಯೇ ಕೂತರು.

ಆಸ್ಪತ್ರೆಯ ಗೇಟಿನ ಹತ್ತಿರ ಅವರೇ ಗಾಡಿ ನಿಲ್ಲಿಸಲು ಹೇಳಿ, ವಿಲ್ಡಾಳ ಕೈಗಳನ್ನು ತಮ್ಮ ಕೈಯಿದ್ದ ಜಾಗದಲ್ಲಿಟ್ಟು, ಇಳಿದುಬಿಟ್ಟರು. ಅವರ ಕಾರು ಎಂಟು ಮೈಲಿ ಹಿಂದೆ ರಸ್ತೆಯಲ್ಲಿತ್ತು. ಯಾರೂ ಅದನ್ನು ಯೋಚಿಸುವಷ್ಟು ಪುರುಸೊತ್ತಿನಲ್ಲಿರಲಿಲ್ಲ.

ಒಳಗೆ ಆಸ್ಪತ್ರೆಯ ಸರ್ಜನ್ ಕಣ್ಣಪಾಪೆ ನೋಡಿದ ಕೂಡಲೇ ಎದುರು ಮದ್ದು ತರಿಸಿದರು. ಅದು ಏರುತ್ತಿದ್ದ ಹಾಗೆ ಕ್ಲೆಲ್ ತಾನಾಗಿ ಒಂದು ದೊಡ್ಡ ಉಸಿರೆಳೆದ. ಸರ್ಜನ್ ಕೋಲ್ಬಿಯ ಕಡೆ ತಿರುಗಿ ಎಷ್ಟು ಕೊಟ್ಟಿದ್ದೆಂದು ಕೇಳಿದರು. ಪಕ್ಕದಲ್ಲಿ ನರ್ಸು ಬರೆದುಕೊಳ್ಳಲು ನಿಂತಿದ್ದಳು.

"ಅರ್ಧ ಗ್ರೇನ್. ನಾಲ್ಕು ಇಪ್ಪತ್ತಕ್ಕೆ ಕಾಲು, ಆರೂ ಹತ್ತಕ್ಕೆ ಕಾಲು," ಎಂದರು ಕೋಲ್ಬಿ.

"ಎರಡು ಗಂಟೆಯೊಳಗೆ ಎರಡು ಸಲಾನಾ? ಯಾರು ಕೊಟ್ಟಿದ್ದು?"

ಕೋಲ್ಬಿ ಕನ್ನಡಕ ತೆಗೆದು ಒರೆಸಿದರು.

"ನಾನೇ. ಎರಡೂ ನಾನೇ ಕೊಟ್ಟಿದ್ದು. ಮೊದಲನೇದು ಮರೆತುಹೋಯ್ತು."

ಬಾಗಿಲ ಬಳಿ ಬಿಂಗ್ಲಿ ತನ್ನ ಬೂಟು ನೋಡಿಕೊಂಡ. ಊರಿನ ಸುದ್ದಿಯನ್ನೆಲ್ಲ ಊದಿ ಬರುವ ಮನುಷ್ಯ ಆ ಒಂದನ್ನು ಮಾತ್ರ ಸಾಯುವವರೆಗೆ ಬಾಯಿಬಿಡಲಿಲ್ಲ. ನರ್ಸು ಕೋಲ್ಬಿಯ ಹೆಸರು ಬರೆದುಕೊಂಡಳು. ಮೂವತ್ತೈದು ವರ್ಷ ಕೈತಪ್ಪದ ಡಾಕ್ಟರೆಂದು ಹೆಸರಾದವರು, ಮದ್ದು ಕೊಟ್ಟದ್ದನ್ನೇ ಮರೆಯುವ ಮುದುಕರಾಗಿ ಆ ಕಾಗದದಲ್ಲಿ ದಾಖಲಾದರು.

ಕ್ಲೆಲ್‌ನನ್ನು ಆಪರೇಷನ್‌ಗೆ ಒಯ್ದ ಮೇಲೆ ಕೋಲ್ಬಿ ಮೊಗಸಾಲೆಯಲ್ಲಿ ವಿಲ್ಡಾಳ ಎದುರು ನಿಂತರು. "ಮಿಸ್ ಟ್ರಸ್ಕ್, ನಾಡಿದ್ದು ಹದಿನೈದು. ಆ ಕಾಗದಕ್ಕೆ ಸಹಿ ಹಾಕಿ ಕಳಿಸು. ಇವತ್ತಿನದಕ್ಕೆ ಅಷ್ಟಾದ್ರೂ ಅರ್ಥ ಬರಲಿ." ಅವಳು ತಲೆಯಲ್ಲಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಕ್ಲೆಲ್ ಬದುಕಿದ. ಆರಿಂಚು ಕರುಳು ಕತ್ತರಿಸಬೇಕಾಯಿತು. ಎಚ್ಚರವಾದ ಕೂಡಲೇ, ನನ್ನನ್ನು ಹರ್ನಿಯಾ ಕೊಲ್ಲುತ್ತಿರಲಿಲ್ಲ, ಆ ಎರಡು ಬಾಗಿಲು ಸೇರಿ ಕೊಲ್ಲುತ್ತಿದ್ದವು ಎಂದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮೂರಿನಲ್ಲಿ ಜಗಳವೇ ಇಲ್ಲದೆ ಕೂಸು ಸಾಯುವುದರಲ್ಲಿತ್ತು.

ಬುಧವಾರ ವಿಲ್ಡಾ ಆಫೀಸಿಗೆ ಹೋದಾಗ ಹ್ಯಾಸ್ಕೆಟ್ ಕಾಲುಚೀಲ ಬಿಚ್ಚಿ ಹಿಮ್ಮಡಿಯ ಬೊಬ್ಬೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಗೇಟಿನಿಂದ ಕಾರಿನವರೆಗೆ ಎಂಟು ಮೈಲಿಯೂ ನಡೆದೇ ಹೋಗಿದ್ದರಂತೆ. ಅವಳು ತಾನು ಮಾರ್ಫಿನ್ ಮಾತು ನುಂಗಿದ್ದನ್ನೂ ಕೋಲ್ಬಿ ಹೇಳಿದ್ದನ್ನೂ ಹೇಳಿದಳು.

"ಎರಡೂ ತಾನೇ ಅಂದ್ನಾ?" ಎಂದು ಹ್ಯಾಸ್ಕೆಟ್ ಮುಲಾಮಿನ ಡಬ್ಬಿಯ ಮುಚ್ಚಳ ಹಾಕಿದರು. "ಪ್ರೆಂಟಿಸ್ ಒಳ್ಳೆಯವನು ಕಣಮ್ಮ. ಅವನೇ ಹೀಗೆ ಹೇಳ್ಬೇಕಾಯ್ತಲ್ಲ. ಹೋಗು, ಸಹಿ ಹಾಕು. ಅವನು ಕಳ್ಕೊಂಡಿದ್ದು ದಂಡ ಆಗ್ಬಾರ್ದು."

ಈಗ ಸಹಿ ಹಾಕು ಎನ್ನುವವರು ಇಬ್ಬರಾದರು. ಗುರುವಾರ ಮಧ್ಯಾಹ್ನ ವಿಲ್ಡಾ ಡಬ್ಬದ ಕೆಳಗಿನ ಎರಡು ಕಾಗದಗಳನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿ ಕೂತಳು. ಅಂಚೆ ಐದಕ್ಕೆ ಹೋಗುತ್ತದೆ. ಮೂರಾಯಿತು, ನಾಲ್ಕಾಯಿತು. ಎಂ.ಡಿ. ಶಾಲೆಯ ಕಾಗದದ ಮೇಲೆ ಪೆನ್ನು ಇಟ್ಟಳು. ಯಾವ ವೈದ್ಯನ ಕೈಕೆಳಗೂ ಕಲಿತಿಲ್ಲ. ಅವಳ ಅಂಗೈಯಲ್ಲಿ ಅಪ್ಪನ ಪಕ್ಕೆಲುಬು ಇನ್ನೂ ಇತ್ತು. ಆ ಗೇಟಿನ ಹತ್ತಿರ ಹ್ಯಾಸ್ಕೆಟ್ ಅವಳ ಕೈ ಹಿಡಿದು ಇಟ್ಟ ಜಾಗ. ಇದಕ್ಕೆ ಸಹಿ ಹಾಕಿದರೆ ಒಳ್ಳೆಯ ಡಾಕ್ಟರೇ ಆಗಬಹುದು. ಆದರೆ ನಾಲ್ಕು ವರ್ಷವೂ, ಆಮೇಲೂ, ದಿನಾ ಒಂದು ಮಾತನ್ನು ನುಂಗುತ್ತಲೇ ಇರಬೇಕು. ಒಂದು ಮಾತು ನುಂಗಿದರೆ ಏನಾಗುತ್ತದೆಂದು ರಸ್ತೆಯ ಅಂಚಿನಲ್ಲಿ ನೋಡಿಯಾಗಿತ್ತು. ಕೋಲ್ಬಿ ಕೊಟ್ಟದ್ದು ದೊಡ್ಡದು, ಅದಕ್ಕೇ ಅದನ್ನು ತೆಗೆದುಕೊಳ್ಳಲು ಅವಳಿಗೆ ನಾಚಿಕೆಯಾಯಿತು.

ಇನ್ನೊಂದು ಕಾಗದವನ್ನು ಹತ್ತಿರ ಎಳೆದುಕೊಂಡಳು. ಅದರಲ್ಲಿ ಯಾರ ಬಳಿ ಕೆಲಸ ಮಾಡಿದ್ದೀರಿ ಎಂಬ ಖಾಲಿ ಸಾಲಿತ್ತು. ಆರ್ವಲ್ ಹ್ಯಾಸ್ಕೆಟ್, ಡಿ.ಓ., ಎಲ್ಮ್ ಫೋರ್ಕ್, ನಾಲ್ಕು ವರ್ಷ, ಎಂದು ದೊಡ್ಡಕ್ಷರದಲ್ಲಿ ಬರೆದಳು. ಅಂಚೆ ಕಚೇರಿಗೆ ಓಡಿಯೇ ಹೋದಳು. ಐದಕ್ಕೆ ಏಳು ನಿಮಿಷವಿತ್ತು.

ಅಲ್ಲಿಂದ ನೇರ ಕೋಲ್ಬಿಯ ಮನೆಗೆ ಹೋಗಿ ಹೇಳಿದಳು. ಅದನ್ನು ಬೇರೆಯವರ ಬಾಯಿಂದ ಅವರು ಕೇಳಬಾರದೆಂದು ಅವಳಿಗಿತ್ತು. ಅವರು ಜಾಲರಿ ಬಾಗಿಲ ಹಿಂದೆ ನಿಂತು ಕೇಳಿ, "ಹಾಗಾದ್ರೆ ಆ ಸುಳ್ಳು ನಾನು ಸುಮ್ಮನೆ ಹೇಳ್ದೆ," ಎಂದು ಒಳಬಾಗಿಲು ಹಾಕಿಕೊಂಡರು. ಮುಂದೆ ಒಂದು ವರ್ಷ ಆಸ್ಪತ್ರೆಯವರು ಕೋಲ್ಬಿ ಬರೆದ ಪ್ರತಿ ಮದ್ದಿನ ಚೀಟಿಯನ್ನೂ ಇನ್ನೊಬ್ಬ ಡಾಕ್ಟರಿಂದ ಪರೀಕ್ಷೆ ಮಾಡಿಸಿದರು. ಪರೀಕ್ಷೆ ಮಾಡಿದವನಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

ವಿಲ್ಡಾ ಐದು ವರ್ಷದ ಮೇಲೆ ಡಾಕ್ಟರಾಗಿ ಊರಿಗೆ ಬಂದಳು. ಸರ್ಜನ್ ಆಗುವ ಆಸೆ ಆಸೆಯಾಗಿಯೇ ಉಳಿಯಿತು. ಅದು ನೆನಪಾದಾಗ ಅವಳಿಗೆ ನೋವಾಗುತ್ತಿತ್ತು. ಹ್ಯಾಸ್ಕೆಟ್ ಒಂದು ಚಳಿಗಾಲ ಅವಳ ಜೊತೆ ಕೆಲಸ ಮಾಡಿ ತೀರಿಕೊಂಡರು. ಆಮೇಲೆ ಅಡುಗೆಮನೆಯ ಬಾಗಿಲು ಅವಳ ಪಾಲಿಗೆ ಬಂತು. ಕೋಲ್ಬಿ ಅವಳೊಡನೆ ಒಂದು ಮಾತೂ ಆಡುತ್ತಿರಲಿಲ್ಲ. ಬೀದಿಯಲ್ಲಿ ಟೋಪಿಯನ್ನೂ ಮುಟ್ಟುತ್ತಿರಲಿಲ್ಲ. ಅವರ ಕಾರು ಅಂಗಳದಲ್ಲಿ ನಿಂತರೆ ಇವಳು ಚೀಲ ಎತ್ತಿಕೊಂಡು ಹಿತ್ತಲಿಗಿಳಿಯುತ್ತಿದ್ದಳು. 

ಆದರೆ ನಡುವಿನ ಬಾಯಿಯನ್ನು ಅವಳು ನಂಬಲಿಲ್ಲ. ಕೊಟ್ಟ ಮದ್ದು, ಎಷ್ಟು, ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ರೋಗಿಯ ಅಂಗಿಗೆ ಪಿನ್ನು ಚುಚ್ಚಿ ಸಿಕ್ಕಿಸಿ ಹೋಗುತ್ತಿದ್ದಳು. ಕೋಲ್ಬಿ ಅದನ್ನು ಬಿಚ್ಚಿ ಓದಿ, ಮಡಿಸಿ ಕಿಸೆಗೆ ಹಾಕಿಕೊಳ್ಳುತ್ತಿದ್ದರಂತೆ. ಸಂಘದ ಕೈಗೆ ಸಿಕ್ಕಿದ್ದರೆ ಅದು ಸಾಕ್ಷಿಯೇ. ಅವರು ಒಂದನ್ನೂ ಸಂಘಕ್ಕೆ ತೋರಿಸಲಿಲ್ಲ, ಒಂದನ್ನೂ ಓದದೆ ಬಿಡಲಿಲ್ಲ.

ಅರವತ್ತರ ದಶಕ ಶುರುವಾಗಿ ಕೆಲವು ವರ್ಷಕ್ಕೆ ಸಂಘ ತನ್ನ ನಿಯಮ ಸಡಿಲಿಸಿತು. ಡಿ.ಓ.ಗಳ ಜೊತೆ ಮಾತಾಡುವುದು ಇನ್ನು ಅಪರಾಧವಲ್ಲವೆಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ವಿಲ್ಡಾ ಓದಿ, ಪತ್ರಿಕೆಯನ್ನು ಒಲೆ ಹಚ್ಚಲು ಹಾಕಿದಳು. ಅಕ್ಷರ ಬದಲಾದರೆ ಮನುಷ್ಯರು ಬದಲಾಗುತ್ತಾರೆಯೇ ಎಂಬುದು ಅವಳ ಲೆಕ್ಕ.

ಅದೇ ವಾರ ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ, ಊರಾಚೆಯ ತೋಟದ ಮನೆಯೊಂದರಲ್ಲಿ ಮೂತ್ರಪಿಂಡದ ಕಲ್ಲಿನ ನೋವಿನಿಂದ ಒದ್ದಾಡುತ್ತಿದ್ದ ರೈತನನ್ನು ಅವಳು ನೋಡುತ್ತಿದ್ದಳು. ಜಿಲ್ಲಾ ಆಸ್ಪತ್ರೆ ಬೇಕಿತ್ತು, ಮನೆಯವರು ಕೋಲ್ಬಿಗೆ ಫೋನು ಮಾಡಿದ್ದರು. ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ವಿಲ್ಡಾ ಎಂದಿನಂತೆ ಚೀಟಿ ಬರೆದು ಅವನ ಅಂಗಿಗೆ ಸಿಕ್ಕಿಸಿ, ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅದು ಹೊರಗಿನಿಂದ ತೆರೆದುಕೊಂಡಿತು.

ಹೊಸಿಲಲ್ಲಿ ಕೋಲ್ಬಿ ಬೂಟಿನ ಹಿಮ ಒದರುತ್ತ ನಿಂತಿದ್ದರು. ಎಪ್ಪತ್ತು ದಾಟಿದ್ದರು, ಹಿತ್ತಲು ಸುತ್ತಿ ಬಂದು ಏದುಸಿರು ಬಿಡುತ್ತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಡಾಕ್ಟರ್ ಟ್ರಸ್ಕ್," ಎಂದರು, "ನೀವು ಏನು ಕೊಟ್ಟಿದ್ದೀರಿ? ಎಷ್ಟು ಗಂಟೆಗೆ?"

ಒಳಗೆ ಚೀಟಿಯಲ್ಲಿ ಎಲ್ಲವೂ ಇತ್ತು. ಅದು ಅವರಿಗೂ ಗೊತ್ತಿತ್ತು. ವಿಲ್ಡಾ ಚೀಲವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ಕಾಲು ಗ್ರೇನ್ ಮಾರ್ಫಿನ್," ಎಂದಳು. "ಎರಡೂವರೆಗೆ. ನಾನೇ ಕೊಟ್ಟೆ."

ಕೋಲ್ಬಿ ಗಡಿಯಾರ ನೋಡಿಕೊಂಡು ತಲೆಯಾಡಿಸಿದರು. ಆಮೇಲೆ ಇಬ್ಬರೂ ಒಳಗೆ ಹೋದರು.